ಮನೆವಾರ್ತೆ: ವರುಷಗಳು ಸವೆಯುವ ಮನೆ

ಈ ತಿಂಗಳು ನಮ್ಮ ಕೈಸೇರಿದ ಕಾಗದಗಳಲ್ಲಿ ಎರಡು ಒಂದೇ ವಿಷಯವನ್ನು ಕುರಿತವು. ಮೊದಲನೆಯದು ಲಂಡನ್ನಿನ ಪಶ್ಚಿಮ ಭಾಗದಿಂದ ಬಂದುದು. ಅದನ್ನು ಬರೆದ ಸೋದರಿಯೂ ಅವರ ಪತಿಯೂ ಎಂಟು ವರುಷಗಳ ಹಿಂದೆ ಅಲ್ಲಿ ಒಂದು ಫ್ಲಾಟನ್ನು ಕೊಂಡರು. ಈಗ ಮಗು ಹುಟ್ಟಿದೆ, ಮನೆಯು ಇಕ್ಕಟ್ಟಾಗಿದೆ. ಅದನ್ನು ಮಾರಿ ಸ್ವಲ್ಪ ದೊಡ್ಡದನ್ನು ಕೊಳ್ಳೋಣವೆಂದು ದಲ್ಲಾಳಿಯ ಬಳಿಗೆ ಹೋದರೆ, ಆತನು ಕೋಣೆಗಳೆಷ್ಟು ಎಂದು ಕೇಳುವುದಕ್ಕೆ ಮೊದಲು ಲೀಸಿನಲ್ಲಿ ವರುಷಗಳೆಷ್ಟು ಉಳಿದಿವೆಯೆಂದು ಕೇಳಿದನಂತೆ. ಕಾಗದಪತ್ರಗಳನ್ನು ತೆಗೆದು ನೋಡಲಾಗಿ ಎಂಬತ್ತು ವರುಷ ಹತ್ತು ತಿಂಗಳು ಎಂದು ತಿಳಿಯಿತು. ‘ಎಂಬತ್ತಕ್ಕೆ ಇಳಿಯುವುದರೊಳಗಾಗಿ ಬೆಳೆಸಿಕೊಳ್ಳಿರಿ, ಅದಕ್ಕೆ ಇಷ್ಟು ಸಾವಿರ ಪೌಂಡು ಬೇಕಾದೀತು’ ಎಂದು ಆತನು ಹೇಳಿದನು. ಧಾರವಾಡದಲ್ಲಿರುವ ಅತ್ತೆಯವರು ಇದನ್ನು ಕೇಳಿ, “ಪೂರಾ ರೊಕ್ಕಾ ಕೊಟ್ಟು ಕೊಂಡ ಮನೀಗೆ ಮತ್ತ ರೊಕ್ಕಾ ಯಾಕ ಕೊಡಬೇಕು? ನಿಮಗ ಯಾರೋ ಮೋಸಾ ಮಾಡ್ಯಾರ” ಎಂದು ಕೋಪಿಸಿಕೊಂಡಿರುವರಂತೆ. ಮನೆಯಲ್ಲಿ ಮಾತಿಗೆ ಮಾತು ಬೆಳೆದು, ನಿಜವೇನೆಂಬುದನ್ನು ನಾವು ಹೇಳಬೇಕೆಂದು ಸೋದರಿಯು ಅಪೇಕ್ಷಿಸಿರುವರು.

ಎರಡನೆಯ ಕಾಗದವು ಮೈಸೂರಿನದು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮೂವತ್ತು ವರುಷ ದುಡಿದು, ನಿವೃತ್ತರಾಗಿ ಊರಿಗೆ ಮರಳಿರುವ ವೈದ್ಯ ದಂಪತಿಗಳು ಬರೆದುದು. ಬರ್ಮಿಂಗ್‌ಹ್ಯಾಮಿನಲ್ಲಿ ಅವರಿಗೊಂದು ಫ್ಲಾಟು ಉಂಟು. ಅದನ್ನು ಬಾಡಿಗೆಗೆ ಕೊಟ್ಟಿರುವರು. ಅದರ ಲೀಸಿನಲ್ಲಿ ಅರುವತ್ತೆರಡು ವರುಷಗಳು ಮಾತ್ರ ಉಳಿದಿವೆ. ಹೊಸ ಕಾನೂನು ಬಂದರೆ ಖರ್ಚು ಬಹಳ ಕಡಮೆಯಾಗುವುದೆಂದು ಕೇಳಿ, ಕಾಯುವುದು ಲೇಸೋ ಈಗಲೇ ಹಣ ಕಟ್ಟುವುದು ಲೇಸೋ ಎಂದು ತಿಳಿಯದೆ ಬರೆದಿರುವರು.

ಮೊದಲು ಅತ್ತೆಯವರ ಪ್ರಶ್ನೆಗೆ ಬರುವೆವು. ಅದೇ ಎಲ್ಲಕ್ಕೂ ಮೂಲವಾದುದು. ಮೋಸವೇನೂ ನಡೆದಿಲ್ಲ. ಆದರೆ ‘ಲೀಸು’ ಎಂಬ ಒಂದೇ ಮಾತು ಎರಡು ಊರುಗಳಲ್ಲಿ ಎರಡು ಅರ್ಥಗಳನ್ನು ಹೊತ್ತುಕೊಂಡು ತಿರುಗುತ್ತಿರುವುದರಿಂದ ಈ ತೊಡಕು. ಬೆಂಗಳೂರಿನಲ್ಲಿ ಲೀಸಿಗೆ ಮನೆ ಹಿಡಿಯುವುದೆಂದರೆ ಭೋಗ್ಯಕ್ಕೆ ಹಿಡಿಯುವುದು: ಒಂದು ದೊಡ್ಡ ಮೊತ್ತವನ್ನು ಕೊಟ್ಟು, ಎರಡು ಮೂರು ವರುಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಆ ಮೊತ್ತವನ್ನು ಹಿಂದಕ್ಕೆ ಪಡೆಯುವುದು. ಇಂಗ್ಲೆಂಡು ಮತ್ತು ವೇಲ್ಸ್ ದೇಶಗಳ ಲೀಸು ಇದಲ್ಲ. ಅಲ್ಲಿ ಫ್ಲಾಟನ್ನು ಕೊಳ್ಳುವವನು ಪೂರ್ಣ ಬೆಲೆಯನ್ನೇ ಕೊಡುವನು. ಅದು ಹಿಂದಕ್ಕೆ ಬರುವ ಹಣವಲ್ಲ. ಆದರೂ ಅವನು ಕೊಳ್ಳುವುದು ಕಟ್ಟಡವನ್ನಾಗಲಿ ನೆಲವನ್ನಾಗಲಿ ಅಲ್ಲ. ೯೯ ಅಥವಾ ೧೨೫ ವರುಷ ಆ ಮನೆಯಲ್ಲಿರುವ ಹಕ್ಕನ್ನು. ಕೆಲವು ಪತ್ರಗಳಲ್ಲಿ ೯೯೯ ವರುಷಗಳೂ ಇರುವುದುಂಟು. ನೆಲವೂ ಕಟ್ಟಡವೂ ನೆಲದೊಡೆಯನವು. ಅವಧಿ ತೀರಿದ ದಿನ ಮನೆಯು ಅವನಿಗೆ ಸೇರತಕ್ಕದ್ದು.

ದಕ್ಷಿಣ ಕನ್ನಡದ ವಾಚಕರಿಗೆ ಇದನ್ನು ವಿವರಿಸುವುದು ಸುಲಭ. ಅವರಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಗಳಿದ್ದುವಷ್ಟೆ. ಮೂಲಗೇಣಿಯವನು ಗೊತ್ತಾದ ಗೇಣಿಯನ್ನು ಕೊಡುತ್ತಾ ಮಕ್ಕಳು ಮೊಮ್ಮಕ್ಕಳ ಕಾಲದವರೆಗೂ ನೆಲವನ್ನು ಅನುಭವಿಸಬಹುದಾಗಿತ್ತು. ಚಾಲಗೇಣಿಯವನಿಗೆ ಆ ಭರವಸೆ ಇರಲಿಲ್ಲ. ಇಂಗ್ಲೆಂಡಿನ ಲೀಸು ಮೊದಲ ದಿನ ನೋಡಿದರೆ ಮೂಲಗೇಣಿಯಂತೆ ಕಾಣುವುದು. ಕೊನೆಯ ವರುಷಗಳಲ್ಲಿ ಚಾಲಗೇಣಿಯಾಗಿ ಬಿಡುವುದು. ಈ ಎರಡರ ನಡುವೆ ಅದು ಎಲ್ಲಿ ನಿಂತಿದೆಯೆಂಬುದನ್ನು ಮನೆಯವರು ಮರೆಯುತ್ತಾರೆ. ತೊಂದರೆಯೆಲ್ಲ ಅಲ್ಲಿಯೇ ಇರುವುದು.

ಈ ಪದ್ಧತಿಯು ಬೇರೂರಿದ ಬಗೆಯನ್ನು ಸಂಕ್ಷೇಪವಾಗಿ ಹೇಳುವೆವು. ಲಂಡನ್ನಿನ ವಿಶಾಲವಾದ ನೆಲಗಳು ಕೆಲವು ಸಿರಿವಂತ ಮನೆತನಗಳ ಕೈಯಲ್ಲಿದ್ದುವು. ಗ್ರೋವ್ನರ್, ಕ್ಯಾಡೊಗನ್ ಮೊದಲಾದವರು ಅಂಥವರು. ಅವರು ನೆಲವನ್ನು ಮಾರುತ್ತಿರಲಿಲ್ಲ. ಮನೆ ಕಟ್ಟುವವನಿಗೆ ಬಹುಕಾಲದ ಅವಧಿಗೆ ಕೊಡುವರು. ಅವನು ತನ್ನ ಖರ್ಚಿನಲ್ಲಿ ಕಟ್ಟಿ ಮಾರಿಕೊಳ್ಳುವನು. ಅವಧಿ ತೀರಿದ ಮೇಲೆ ನೆಲವೂ ಅದರ ಮೇಲಿನ ಮನೆಗಳೂ ಒಡೆಯನ ಮೊಮ್ಮಗನಿಗೆ ಬಂದು ಸೇರುವುವು. ದಕ್ಷಿಣ ವೇಲ್ಸಿನ ಕಲ್ಲಿದ್ದಲ ಕಣಿವೆಗಳಲ್ಲಿ ಇದರ ಕಾಠಿಣ್ಯವು ಚೆನ್ನಾಗಿ ಕಂಡುಬಂದಿತು. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ೯೯ ವರುಷಕ್ಕೆ ಕೊಟ್ಟ ನೆಲಗಳ ಅವಧಿಯು ೧೯೬೦ರ ದಶಕದಿಂದೀಚೆಗೆ ಮುಗಿಯುವುದಕ್ಕೆ ಬಂದಿತು. ಗಣಿಗಿಳಿದು ದುಡಿದವರ ಮಕ್ಕಳು ಅಜ್ಜನು ಕಟ್ಟಿಸಿದ ಮನೆಯನ್ನು ಬಿಡಬೇಕಾದ, ಇಲ್ಲವೆ ಅದನ್ನೇ ಮರಳಿ ಕೊಳ್ಳಬೇಕಾದ ಸ್ಥಿತಿಗೆ ಬಂದರು. ೧೯೬೭ರ ಕಾಯಿದೆಯು ಹುಟ್ಟಿದುದು ಈ ಸಂಕಟದಿಂದ. ಅದು ಬಿಡಿಮನೆಗಳವರಿಗೆ ನೆಲವನ್ನು ಕೊಳ್ಳುವ ಹಕ್ಕನ್ನು ಕೊಟ್ಟಿತು. ವೆಸ್ಟ್‌ಮಿನ್‌ಸ್ಟರ್ ಡ್ಯೂಕರ ಆಸ್ತಿಯ ಟ್ರಸ್ಟಿಗಳು ಇದು ಅನ್ಯಾಯವೆಂದು ಸ್ಟ್ರಾಸ್‌ಬರ್ಗಿನ ಐರೋಪ್ಯ ಮಾನವಹಕ್ಕುಗಳ ನ್ಯಾಯಾಲಯದವರೆಗೂ ಹೋದರು, ೧೯೮೬ರಲ್ಲಿ ಸೋತರು. ಫ್ಲಾಟುಗಳವರು ಇನ್ನೂ ಕಾಯಬೇಕಾಯಿತು. ಅವರಿಗೆ ಲೀಸನ್ನು ಬೆಳೆಸಿಕೊಳ್ಳುವ ಹಕ್ಕು ದೊರೆತುದು ೧೯೯೩ರ ಕಾಯಿದೆಯಿಂದ.

ಸ್ಕಾಟ್ಲೆಂಡಿನಲ್ಲಿ ಮನೆಗಳಿಗೆ ಈ ಪದ್ಧತಿ ಇಲ್ಲ. ಅಲ್ಲಿರುವ ನಮ್ಮ ವಾಚಕರು ಈ ಅಂಕಣವನ್ನು ಬಿಟ್ಟು ಅಡಿಗೆಯ ಪುಟಕ್ಕೆ ಹೋಗಬಹುದು.

೧೯೯೩ರ ಕಾಯಿದೆಯು ಕೊಡುವುದೇನೆಂದರೆ, ಉಳಿದಿರುವ ಅವಧಿಯ ಮೇಲೆ ಇನ್ನೂ ೯೦ ವರುಷಗಳು. ಉಳಿದುದು ಕಳೆದುಹೋಗುವುದಿಲ್ಲ, ಅರುವತ್ತೆರಡು ಇದ್ದರೆ ನೂರೈವತ್ತೆರಡು ಆಗುವುದು. ಅದರೊಡನೆ ವರುಷ ವರುಷವೂ ಕೊಡುತ್ತಿದ್ದ ನೆಲಬಾಡಿಗೆಯು ನಿಂತುಹೋಗುವುದು. ಕಾನೂನಿನ ಮಾತಿನಲ್ಲಿ ಹೇಳಬೇಕಾದರೆ, ಇನ್ನು ಮುಂದೆ ಬಾಡಿಗೆಯು ‘ಒಂದು ಕಾಳು ಮೆಣಸು’. ನಾವು ಹಾಸ್ಯ ಮಾಡುತ್ತಿಲ್ಲ; ಪತ್ರದಲ್ಲಿ ಪೆಪ್ಪರ್‌ಕಾರ್ನ್ ಎಂದೇ ಬರೆಯುವರು. ಮೆಣಸಿಗೆ ಚಿನ್ನದ ಬೆಲೆಯಿದ್ದ ಕಾಲದಲ್ಲಿ ಒಂದು ಸೇರು ಮೆಣಸೆಂದರೆ ದೊಡ್ಡ ಗೇಣಿಯೇ. ಒಂದೇ ಕಾಳೆಂದರೆ ಲೆಕ್ಕಕ್ಕೆ ಮಾತ್ರ. ೧೬ನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದರು. ನಮ್ಮ ಕರಾವಳಿಯ ಬೆಳೆಯು ಲಂಡನ್ನಿನ ಮನೆಪತ್ರದಲ್ಲಿ ಇಂದಿಗೂ ಕುಳಿತಿರುವುದನ್ನು ಓದಿ ನಮಗೆ ಸಂತೋಷವೇ ಆಯಿತು. ಆ ಒಂದು ಕಾಳನ್ನು ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ.

ಇನ್ನು ಬೆಲೆಯ ಮಾತು. ಇದು ಗೃಹಿಣಿಯರಿಗೆ ಬೇಸರದ ವಿಷಯವೆಂದು ಕೆಲವರು ಹೇಳಬಹುದು, ನಾವು ಒಪ್ಪೆವು. ಚೀಟಿಯ ಲೆಕ್ಕವನ್ನು ಬಾಯಲ್ಲೇ ಮಾಡುವವರಿಗೆ ಇದೇನೂ ಕಷ್ಟವಲ್ಲ. ನೆಲದೊಡೆಯನು ಅವಧಿ ತೀರಿದ ಮೇಲೆ ಮನೆಯನ್ನು ಪಡೆಯತಕ್ಕವನು. ಅದನ್ನು ೯೦ ವರುಷ ಮುಂದಕ್ಕೆ ತಳ್ಳಿದರೆ ಅವನಿಗೆ ನಷ್ಟ. ಆ ನಷ್ಟವನ್ನು ತುಂಬಿಕೊಡಬೇಕು. ಮುಂದೆಂದೋ ಬರುವ ಹಣಕ್ಕೆ ಇಂದಿನ ಬೆಲೆ ಎಷ್ಟು ಎಂಬುದೇ ಪ್ರಶ್ನೆ. ಫ್ಲಾಟುಗಳ ವಿಷಯದಲ್ಲಿ ವರುಷಕ್ಕೆ ಶೇಕಡ ೫ರಂತೆ ಹಿಂದಕ್ಕೆ ಎಣಿಸತಕ್ಕದ್ದೆಂದು ೨೦೦೬ರಲ್ಲಿ ಲ್ಯಾಂಡ್ಸ್ ಟ್ರಿಬ್ಯೂನಲ್ ತೀರ್ಮಾನಿಸಿತು. ೩,೦೦,೦೦೦ ಪೌಂಡಿನ ಫ್ಲಾಟೊಂದನ್ನು ತೆಗೆದುಕೊಳ್ಳಿರಿ. ೯೦ ವರುಷ ಉಳಿದಿದ್ದರೆ ಒಡೆಯನ ಆ ಹಕ್ಕಿನ ಇಂದಿನ ಬೆಲೆಯು ಸುಮಾರು ೩,೭೦೦ ಪೌಂಡು. ೬೦ ಉಳಿದಿದ್ದರೆ ೧೬,೦೦೦. ೪೦ ಆದರೆ ೪೨,೬೦೦. ೨೦ಕ್ಕೆ ಇಳಿದರೆ ೧,೧೩,೦೦೦! ಮನೆಯು ಅದೇ, ಗೋಡೆಗಳು ಅವೇ, ಒಂದು ಇಟ್ಟಿಗೆಯೂ ಕದಲಿಲ್ಲ. ಆದರೆ ಅದು ವರುಷ ವರುಷವೂ ಸದ್ದಿಲ್ಲದೆ ನಮ್ಮ ಕೈಯಿಂದ ಒಡೆಯನ ಕೈಗೆ ಜಾರುತ್ತಿರುತ್ತದೆ. ಮೊದಮೊದಲು ಹನಿಹನಿಯಾಗಿ, ಕೊನೆಕೊನೆಗೆ ಬಿಂದಿಗೆ ಬಿಂದಿಗೆಯಾಗಿ.

ಇದರೊಡನೆ ಮುಂದಿನ ನೆಲಬಾಡಿಗೆಯ ಬದಲು ಒಂದು ಮೊತ್ತವನ್ನು ಕೊಡಬೇಕು. ನೆಲಬಾಡಿಗೆಯು ಚಿಕ್ಕದಾದರೆ ಇದೂ ಚಿಕ್ಕದು. ಈ ಶತಮಾನದಲ್ಲಿ ಕಟ್ಟಿದ ಕೆಲವು ಮನೆಗಳ ಪತ್ರಗಳಲ್ಲಿ ಮಾತ್ರ, ನೆಲಬಾಡಿಗೆಯು ಹತ್ತು ವರುಷಕ್ಕೊಮ್ಮೆ ಇಮ್ಮಡಿಯಾಗತಕ್ಕದ್ದೆಂದು ಬರೆದಿರುವರು. ೨೫೦ ಪೌಂಡಿನಿಂದ ಮೊದಲಾದುದು ಐವತ್ತು ವರುಷಗಳಲ್ಲಿ ೮,೦೦೦ ಆಗುವುದು. ಅಂಥ ಪತ್ರವಿದ್ದವರು ಅದನ್ನು ಇಂದೇ ತೆಗೆದು ಓದಬೇಕು.

ಎಂಬತ್ತರ ಗೆರೆಯ ಗುಟ್ಟು ಇನ್ನು ಮುಂದಿನದು. ಲೀಸನ್ನು ಬೆಳೆಸಿದೊಡನೆ ಫ್ಲಾಟಿನ ಬೆಲೆಯು ಏರುವುದಷ್ಟೆ. ಒಡೆಯನ ಹಕ್ಕೂ ಮನೆಯವರ ಹಕ್ಕೂ ಕೂಡಿಕೊಂಡಾಗ ಹುಟ್ಟುವ ಈ ಹೆಚ್ಚಳಕ್ಕೆ ಅಲ್ಲಿನ ವಕೀಲರು ‘ಮದುವೆಯ ಮೌಲ್ಯ’ವೆಂಬ ಹೆಸರಿಟ್ಟಿದ್ದಾರೆ. ಹೆಸರು ಮಂಗಳಕರವಾದುದು, ಖರ್ಚು ಮಾತ್ರ ಹೆಣ್ಣಿನ ಮನೆಯವರದೇ. ಆ ಹೆಚ್ಚಳದಲ್ಲಿ ಅರ್ಧವು ಒಡೆಯನಿಗೆ ಸಲ್ಲತಕ್ಕದ್ದು. ಆದರೆ ಉಳಿದ ಅವಧಿಯು ೮೦ ವರುಷಕ್ಕೆ ಮೀರಿದ್ದರೆ ಈ ಅರ್ಧವನ್ನು ಕೊಡಬೇಕಾದುದಿಲ್ಲ. ೨೦೦೨ರ ಕಾಯಿದೆಯು ಹೀಗೆಂದು ವಿಧಿಸಿತು. ಒಂದು ಊಹೆಯ ಲೆಕ್ಕವನ್ನು ಹೇಳುವೆವು. ಅದೇ ೩,೦೦,೦೦೦ದ ಫ್ಲಾಟಿನಲ್ಲಿ ೭೦ ವರುಷ ಉಳಿದಿವೆಯೆಂದೂ, ಈಗಿರುವಂತೆ ಮಾರಿದರೆ ೨,೭೦,೦೦೦ ಬರುವುದೆಂದೂ ಇಟ್ಟುಕೊಳ್ಳಿರಿ. ಒಡೆಯನ ಹಕ್ಕು ಸುಮಾರು ೧೦,೦೦೦. ಏರಿಕೆಯ ೩೦,೦೦೦ದಲ್ಲಿ ಅದನ್ನು ಕಳೆದರೆ ೨೦,೦೦೦; ಅದರಲ್ಲರ್ಧ ೧೦,೦೦೦. ಹೀಗೆ ಕೊಡತಕ್ಕದ್ದು ಒಟ್ಟು ೨೦,೦೦೦ ಆಯಿತು. ಎಂಬತ್ತರ ಮೇಲಿದ್ದರೆ ಈ ಎರಡನೆಯ ಭಾಗವೇ ಇರುತ್ತಿರಲಿಲ್ಲ. ಅವಧಿ ಕಡಮೆಯಾದ ಫ್ಲಾಟಿನ ಮೇಲೆ ಸಾಲ ಕೊಡುವುದಕ್ಕೆ ಅನೇಕ ಬ್ಯಾಂಕುಗಳು ಹಿಂಜರಿಯುವುದರಿಂದ ಕೊಳ್ಳುವವರೂ ಕಡಮೆಯಾಗುತ್ತಾರೆ. ದಲ್ಲಾಳಿಯು ಮೊದಲು ವರುಷಗಳನ್ನು ಕೇಳಿದುದು ಇದಕ್ಕಾಗಿ.

ನಡೆಯಬೇಕಾದ ಕ್ರಮವು ಹೀಗಿದೆ. ಮೊದಲು ಒಬ್ಬ ಸರ್ವೇಯರಿನಿಂದ ಬೆಲೆ ಕಟ್ಟಿಸಬೇಕು. ಈ ಕೆಲಸದಲ್ಲಿಯೇ ನುರಿತವನಾಗಿರಬೇಕು, ಸಾಮಾನ್ಯವಾಗಿ ಮನೆ ನೋಡಿ ಹೋಗುವವನು ಸಾಲದು. ಬಳಿಕ ಸಾಲಿಸಿಟರನ ಮೂಲಕ ಒಡೆಯನಿಗೆ ೧೯೯೩ರ ಕಾಯಿದೆಯ ೪೨ನೆಯ ಕಲಮಿನ ನೋಟೀಸನ್ನು ಕಳುಹಿಸಬೇಕು. ಅದರಲ್ಲಿ ನಾವು ಕೊಡಲು ಒಪ್ಪುವ ಬೆಲೆಯೂ, ಒಡೆಯನು ಉತ್ತರ ಕೊಡತಕ್ಕ ದಿನವೂ ಇರಬೇಕು. ಆ ದಿನವು ಎರಡು ತಿಂಗಳಿಗೆ ಕಡಮೆಯಾಗಿರಬಾರದು. ಚೌಕಾಶಿಯ ಜಾಣತನದಿಂದ ಕೈಗೆ ಬಂದ ಅತ್ಯಲ್ಪ ಬೆಲೆಯನ್ನು ಬರೆದವರ ನೋಟೀಸು ಅಸಿಂಧುವೆಂದು ನ್ಯಾಯಾಲಯವು ಹೇಳಿದ್ದುಂಟು. ನೋಟೀಸು ತಲಪಿದ ಮೇಲೆ ಒಡೆಯನು ಮುಂಗಡ ಕೇಳಬಹುದು: ನೋಟೀಸಿನಲ್ಲಿ ಬರೆದ ಬೆಲೆಯ ಹತ್ತನೆಯ ಒಂದು ಪಾಲು ಅಥವಾ ೨೫೦ ಪೌಂಡು, ಇವುಗಳಲ್ಲಿ ಹೆಚ್ಚಾದುದು. ಒಡೆಯನ ವಕೀಲನ ಮತ್ತು ಬೆಲೆಕಟ್ಟುವವನ ನ್ಯಾಯವಾದ ಖರ್ಚನ್ನೂ ೧೯೯೩ರ ಕಾಯಿದೆಯಂತೆ ನಾವೇ ಕೊಡತಕ್ಕದ್ದು. ಇದು ನಮಗೆ ಎಂದೂ ಒಪ್ಪಿಗೆಯಾಗಿಲ್ಲ. ಎದುರು ಕಕ್ಷಿಯ ಊಟಕ್ಕೂ ನಾವೇ ಎಲೆ ಹಾಕುವುದೇ?

ಒಡೆಯನ ಉತ್ತರ ಬಂದ ಮೇಲೆ ಬೆಲೆಯ ಮಾತುಕತೆ. ಒಪ್ಪಿಗೆಯಾಗದಿದ್ದರೆ, ಉತ್ತರ ಬಂದು ಎರಡು ತಿಂಗಳಾದ ಮೇಲೆ, ಆರು ತಿಂಗಳೊಳಗಾಗಿ, ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕಬೇಕು. ಈ ಆರು ತಿಂಗಳ ಗಡುವನ್ನು ದಪ್ಪ ಅಕ್ಷರಗಳಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿಕೊಳ್ಳಬೇಕೆಂದು ನಮ್ಮ ಸಲಹೆ. ಅದು ತಪ್ಪಿದರೆ ನೋಟೀಸನ್ನು ಹಿಂದಕ್ಕೆ ಪಡೆದಂತೆಯೇ ಎಣಿಸುವರು. ಹನ್ನೆರಡು ತಿಂಗಳು ಇನ್ನೊಂದನ್ನು ಕೊಡುವ ಹಾಗಿಲ್ಲ. ಆ ಹನ್ನೆರಡು ತಿಂಗಳಲ್ಲಿ ಎಂಬತ್ತರ ಗೆರೆಯು ದಾಟಿಹೋದರೆ ಸಾವಿರಾರು ಪೌಂಡುಗಳು ಹೋದಂತೆಯೇ. ಒಡೆಯನು ಮುದ್ದಾಂ ಕಾಲಹರಣ ಮಾಡುವುದೂ ಉಂಟು. ಸವಿಮಾತಿನ ಕಾಗದಗಳು ಬರುತ್ತಿವೆಯೆಂದು ಗಡುವನ್ನು ಮರೆಯಬಾರದು. ಅತ್ತ ಒಡೆಯನೇ ಗೊತ್ತಾದ ದಿನದೊಳಗಾಗಿ ಉತ್ತರ ಕೊಡದಿದ್ದರೆ, ನಾವು ಬರೆದ ಷರತ್ತುಗಳ ಮೇಲೆಯೇ ಹೊಸ ಲೀಸನ್ನು ಕೊಡಿಸಬೇಕೆಂದು ಆರು ತಿಂಗಳೊಳಗಾಗಿ ನ್ಯಾಯಾಲಯವನ್ನು ಬೇಡಬಹುದು.

ಕಾನೂನಿನ ದಾರಿಯನ್ನು ಬಿಟ್ಟು ಒಡೆಯನೇ ಒಂದು ಕಾಗದ ಬರೆದು, ‘ನೋಟೀಸು ಗೀಟೀಸು ಏಕೆ? ಇಷ್ಟು ಕೊಡಿರಿ, ಅವಧಿಯನ್ನು ಮರಳಿ ೯೯ಕ್ಕೆ ಏರಿಸಿಕೊಡುವೆವು’ ಎನ್ನುವುದೂ ಉಂಟು. ಬೆಲೆಯು ಕಡಮೆಯಾಗಿಯೇ ಕಾಣುವುದು. ಆದರೆ ಎಂಬತ್ತಿದ್ದುದು ತೊಂಬತ್ತೊಂಬತ್ತಾದರೆ ದೊರೆತುದು ಹತ್ತೊಂಬತ್ತೇ ವರುಷ. ಕಾಯಿದೆಯಂತೆ ದೊರೆಯುವುದು ತೊಂಬತ್ತು. ೨೦೨೨ರ ಜೂನ್ ೩೦ರಿಂದ ಜಾರಿಗೆ ಬಂದ ಕಾಯಿದೆಯು ಹೊಸ ಲೀಸುಗಳಲ್ಲಿ ನೆಲಬಾಡಿಗೆಯನ್ನು ತೆಗೆದುಹಾಕಿತಾದರೂ, ಹೀಗೆ ಒಪ್ಪಂದದಿಂದ ಬೆಳೆಸಿದ ಲೀಸಿನಲ್ಲಿ ಹಳೆಯ ಅವಧಿ ತೀರುವವರೆಗೆ ಹಳೆಯ ಬಾಡಿಗೆಯು ಮುಂದುವರಿಯಬಹುದು. ಇಂಥ ಕಾಗದವನ್ನು ಸಾಲಿಸಿಟರನಿಗೆ ತೋರಿಸದೆ ರುಜು ಹಾಕತಕ್ಕದ್ದಲ್ಲ. ಸರ್ಕಾರದ ಹಣದಿಂದ ನಡೆಯುವ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಎಂಬ ಸಂಸ್ಥೆಯು ಮೊದಲ ತಿಳುವಳಿಕೆಯನ್ನು ಬಿಟ್ಟಿಯಾಗಿಯೇ ಕೊಡುವುದು. ಕಟ್ಟಡದ ಅರ್ಧ ಫ್ಲಾಟುಗಳವರಾದರೂ ಒಂದಾದರೆ ಕೂಡಿ ನೆಲವನ್ನೇ ಕೊಳ್ಳುವ ಹಕ್ಕೂ ೧೯೯೩ರಿಂದ ಇದೆ. ಆದರೆ ನೆರೆಹೊರೆಯವರನ್ನು ಒಂದು ಮಾತಿಗೆ ತರುವುದು ಎಷ್ಟು ಸುಲಭವೆಂಬುದು ವಠಾರದಲ್ಲಿ ಬಾಳಿದವರಿಗೆ ಗೊತ್ತು.

ಈಗ ಕಾಯುವ ಪ್ರಶ್ನೆ. ೨೦೨೪ರ ಮೇ ೨೪ರಂದು ಅಲ್ಲಿ ಒಂದು ದೊಡ್ಡ ಕಾಯಿದೆಗೆ ಅರಸರ ಅಂಗೀಕಾರ ದೊರೆಯಿತು. ಅದರಂತೆ ೯೦ರ ಬದಲು ೯೯೦ ವರುಷಗಳು. ಮದುವೆಯ ಮೌಲ್ಯವು ಇಲ್ಲ. ಒಡೆಯನ ಖರ್ಚನ್ನು ಸಾಮಾನ್ಯವಾಗಿ ಒಡೆಯನೇ ಹೊರತಕ್ಕದ್ದು. ಕೇಳುವುದಕ್ಕೆ ಹಬ್ಬದೂಟವೇ ಸರಿ. ಆದರೆ ಎಲೆ ಹಾಕಿದ್ದಾರೆ, ಎಲ್ಲವನ್ನೂ ಬಡಿಸಿಲ್ಲ. ಹಿಂದೆ ಫ್ಲಾಟನ್ನು ಕೊಂಡು ಎರಡು ವರುಷ ಕಾಯಬೇಕೆಂಬ ನಿಯಮವಿತ್ತು. ಅದು ೨೦೨೫ರ ಜನವರಿ ೩೧ರಂದು ಹೋಯಿತು. ಮೇಲೆ ಹೇಳಿದ ಮುಖ್ಯ ಭಾಗಗಳೋ ೨೦೨೫ನೆಯ ಇಸವಿ ಮುಗಿಯುವಾಗಲೂ ಜಾರಿಗೆ ಬಂದಿರಲಿಲ್ಲ. ನೆಲದೊಡೆಯರ ಕೆಲವು ಸಂಸ್ಥೆಗಳು ಹೂಡಿದ ದಾವೆಯನ್ನು ೨೦೨೫ರ ಅಕ್ಟೋಬರಿನಲ್ಲಿ ಹೈಕೋರ್ಟು ತಳ್ಳಿಹಾಕಿತು. ಆದರೂ ಶೇಕಡಾವಾರು ಲೆಕ್ಕವು ಎಷ್ಟೆಂದು ಮಂತ್ರಿಗಳು ನಿಗದಿಮಾಡುವವರೆಗೆ ಹೊಸ ಬೆಲೆಯನ್ನು ಯಾರೂ ಕರಾರುವಾಕ್ಕಾಗಿ ಹೇಳಲಾರರು. ಇದನ್ನೋದುವ ದಿನ ಸ್ಥಿತಿಯು ಹೇಗಿದೆಯೆಂಬುದನ್ನು ವಾಚಕರು ವಿಚಾರಿಸಿಕೊಳ್ಳತಕ್ಕದ್ದು.

ಲಂಡನ್ನಿನ ಸೋದರಿಗೆ ನಮ್ಮ ಉತ್ತರವು ಸ್ಪಷ್ಟವಾದುದು: ಕಾಯಬೇಡಿರಮ್ಮ. ಬೆಲೆಯನ್ನು ಎಣಿಸುವುದು ನೋಟೀಸು ಕೊಟ್ಟ ದಿನದ ಲೆಕ್ಕದಿಂದ. ಹತ್ತು ತಿಂಗಳೊಳಗಾಗಿ ಎಲ್ಲವೂ ಮುಗಿಯಬೇಕಾದುದಿಲ್ಲ, ನೋಟೀಸು ಸರಿಯಾಗಿ ತಲಪಿದ್ದರೆ ಸಾಕು. ಮಾರುವ ಅವಸರವಿದ್ದರೆ ನೋಟೀಸು ಕೊಟ್ಟು, ಅದರ ಹಕ್ಕನ್ನು ಫ್ಲಾಟಿನೊಡನೆಯೇ ಕೊಳ್ಳುವವರಿಗೆ ವರ್ಗಾಯಿಸಬಹುದು. ಬೆಳೆಸುವ ಹಣವನ್ನು ಯಾರು ಕೊಡಬೇಕೆಂಬುದನ್ನು ಕ್ರಯದ ಮಾತಿನಲ್ಲಿ ತೀರ್ಮಾನಿಸಿಕೊಳ್ಳಿರಿ. ಹೊಸ ಕಾನೂನು ನಾಳೆಯೇ ಬಂದು ಎಂಬತ್ತರ ಗೆರೆಯು ಅಳಿಸಿಹೋದರೂ ನಿಮಗಾಗುವ ನಷ್ಟ ಅಲ್ಪ. ಬಾರದೆ ಹೋದರೆ ಆಗುವ ನಷ್ಟ ದೊಡ್ಡದು. ಅತ್ತೆಯವರಿಗೆ ಹೀಗೆ ಹೇಳಿರಿ: ನೀವು ಕೊಂಡುದು ತೋಟವನ್ನಲ್ಲ, ತೋಟದ ಇಷ್ಟು ವರುಷದ ಫಸಲನ್ನು, ಈಗ ಕೊಡುವುದು ಮುಂದಿನ ಫಸಲುಗಳ ಬೆಲೆಯನ್ನು. ಅವರ ಸಿಟ್ಟು ಮಾತ್ರ ಅನ್ಯಾಯದ್ದೆಂದು ನಾವು ಹೇಳೆವು. ಅಲ್ಲಿನ ಲಕ್ಷಾಂತರ ಮನೆಗಳಲ್ಲಿಯೂ ಇದೇ ಸಿಟ್ಟು ಇರುವುದರಿಂದಲೇ ಕಾಯಿದೆಯ ಮೇಲೆ ಕಾಯಿದೆ ಬರುತ್ತಿದೆ.

ಮೈಸೂರಿನ ಹಿರಿಯರ ಸ್ಥಿತಿಯು ಬೇರೆ. ಎಂಬತ್ತರ ಗೆರೆಯನ್ನು ಎಂದೋ ದಾಟಿದ್ದಾಗಿದೆ. ಈಗ ಕಟ್ಟುವುದಾದರೆ ಮದುವೆಯ ಮೌಲ್ಯದ ಅರ್ಧವು ದೊಡ್ಡ ಹೊರೆ. ಮನೆಯ ಮೇಲೆ ಸಾಲವಿಲ್ಲ, ಬಾಡಿಗೆಯು ಬರುತ್ತಿದೆ, ಐದಾರು ವರುಷ ಮಾರುವ ಯೋಚನೆಯಿಲ್ಲ ಎಂದಾದರೆ ಸ್ವಲ್ಪ ಕಾಲ ಕಾಯುವುದು ತಪ್ಪಲ್ಲವೆಂದೇ ನಮ್ಮ ಅಭಿಪ್ರಾಯ. ವರುಷಕ್ಕೊಮ್ಮೆ ಸರ್ವೇಯರನನ್ನು ಕೇಳಿ ಬೆಲೆ ಎಷ್ಟೇರಿದೆಯೆಂಬುದನ್ನು ತಿಳಿದುಕೊಳ್ಳುತ್ತಿರಬೇಕು. ಮಾರಿ ಆ ಹಣದಿಂದ ಮೈಸೂರಿನಲ್ಲಿ ನೆಮ್ಮದಿಯಾಗಿರುವ ಯೋಚನೆಯಿದ್ದರೆ ಮಾತ್ರ, ಎಪ್ಪತ್ತು ದಾಟಿದವರು ಪಾರ್ಲಿಮೆಂಟಿನ ದಾರಿ ನೋಡುತ್ತಾ ಕುಳಿತಿರುವುದನ್ನು ನಾವು ಒಪ್ಪಲಾರೆವು. ಇನ್ನೊಂದು ಮಾತು: ೨೦೦೯ರಲ್ಲಿ ಬರ್ಮಿಂಗ್‌ಹ್ಯಾಮಿನ ಕೆಲವು ಫ್ಲಾಟುಗಳ ವಿಷಯದಲ್ಲಿ ಮೇಲಿನ ಟ್ರಿಬ್ಯೂನಲ್ಲು ಶೇಕಡ ೫ರ ಬದಲು ೬ರಂತೆ ಎಣಿಸಿತು. ಶೇಕಡಾವಾರು ಏರಿದಷ್ಟೂ ಒಡೆಯನ ಪಾಲು ಇಳಿಯುವುದು. ಲಂಡನ್ನಿನ ಲೆಕ್ಕವನ್ನೇ ಹಿಡಿದು ಬಂದ ಸರ್ವೇಯರನಿಗೆ ಇದನ್ನು ನೆನಪು ಮಾಡಿಕೊಡಿರಿ.

ಆ ಫ್ಲಾಟಿನಲ್ಲಿ ತಾವು ವಾಸವಾಗಿಲ್ಲವಲ್ಲಾ, ನೋಟೀಸಿಗಾಗಿ ಅಲ್ಲಿಗೆ ಹೋಗಬೇಕಾಗುವುದೇ ಎಂದು ಹಿರಿಯರು ಕೊನೆಯಲ್ಲಿ ಕೇಳಿರುವರು. ಹೋಗಬೇಕಾದುದಿಲ್ಲ. ಮನೆಯಲ್ಲಿ ವಾಸವಾಗಿದ್ದವನಿಗೆ ಮಾತ್ರ ಹಕ್ಕೆಂಬ ನಿಯಮವನ್ನು ೨೦೦೨ರ ಕಾಯಿದೆಯು ತೆಗೆದುಹಾಕಿತು. ಒಡೆತನ ಹೊಂದಿದವರೇ ಸ್ವಹಸ್ತದಿಂದ ರುಜು ಮಾಡಬೇಕೆಂಬ ಕಟ್ಟಳೆಯೂ ೨೦೧೪ರ ತಿದ್ದುಪಡಿಯಿಂದ ಇಂಗ್ಲೆಂಡಿನಲ್ಲಿ ಸಡಿಲವಾಗಿ, ಅವರ ಪರವಾಗಿ ಸಾಲಿಸಿಟರನು ರುಜು ಹಾಕಬಹುದಾಗಿದೆ. ಫ್ಲಾಟು ಗಂಡಹೆಂಡಿರಿಬ್ಬರ ಹೆಸರಿನಲ್ಲಿದ್ದರೆ ನೋಟೀಸಿನಲ್ಲಿ ಇಬ್ಬರ ಹೆಸರೂ, ಭೂದಾಖಲೆಯ ಕಚೇರಿಯಾದ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಬರೆದಿರುವಂತೆಯೇ, ಒಂದಕ್ಷರವೂ ವ್ಯತ್ಯಾಸವಿಲ್ಲದೆ ಇರುವ ಹಾಗೆ ನೋಡಿಕೊಳ್ಳತಕ್ಕದ್ದು.